ಮೊದಲು ಮಹಡಿ, ಆಮೇಲೆ ಕೆಳಗೆ

ಹೋದ ತಿಂಗಳು ಶಿವಮೊಗ್ಗದಲ್ಲಿ ಅವಳ ಶಿವಗಣಾರಾಧನೆ ಆಯಿತು. ನಾನೂ ಹೋಗಿದ್ದೆ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತ ಹೆಂಗಸು, ಯಾರೋ ಬೀಗರ ಕಡೆಯವಳು, ಪಾಯಸ ಸುರ್ರನೆ ಹೀರುತ್ತಾ "ದೇವರಂಥ ಹೆಂಗಸು ಕಣ್ರೀ, ಒಬ್ಬರಿಗೂ ಒಂದು ಮಾತು ಅಂದವರಲ್ಲ" ಅಂದಳು.

"ಯಾರ ವಿಷಯ ಹೇಳ್ತಿದ್ದೀರಿ?" ಅಂತ ಕೇಳಿದೆ.

"ಇವರದ್ದೇ, ತೀರಿಕೊಂಡವರದ್ದು."

"ಹಾಗಾದ್ರೆ ನಿಮಗೆ ಅವಳ ಪರಿಚಯ ಇಲ್ಲ ಬಿಡಿ" ಅಂದೆ. ಆಕೆ ಎಲೆಯನ್ನು ಸ್ವಲ್ಪ ಆಚೆ ಎಳೆದುಕೊಂಡಳು.

ಒಬ್ಬರಿಗೂ ಒಂದು ಮಾತು ಅಂದವಳಲ್ಲವಂತೆ! ಭದ್ರಾವತಿಯ ನಮ್ಮ ಕ್ವಾರ್ಟರ್ಸ್ ಲೈನಿನಲ್ಲಿ ಅವಳ ಬಾಯಿಗೆ ಹೆದರಿ ಹಾಲಿನವನು ಹಾಲಿಗೆ ನೀರು ಹಾಕೋದೇ ಬಿಟ್ಟಿದ್ದ. ಸತ್ತವರನ್ನು ತೊಳೆದು ಬಿಳಿ ಮಾಡಿ ಹೊಗಳೋದು ಕಂಡರೆ ನನಗೆ ಮೈ ಉರಿಯುತ್ತೆ. ಅವಳು ಹೇಗಿದ್ದಳೋ ಹಾಗೆ ಬರೀತೀನಿ. ಹೆಸರು ಬರೆಯಲ್ಲ. ಓದಿದವರಲ್ಲಿ ಗೊತ್ತಿದ್ದವರಿಗೆ ಗೊತ್ತಾಗುತ್ತೆ, ಗೊತ್ತಾಗಲಿ. ನಾನು ಓದಿದ್ದು ಮೂರನೇ ಕ್ಲಾಸು. ನಯವಾಗಿ ಬರೆಯೋದು ನನಗೆ ಬರಲ್ಲ.

ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ನನ್ನ ಗಂಡ ರೋಲಿಂಗ್ ಮಿಲ್ಲಿನಲ್ಲಿ, ಅವಳ ಗಂಡ ಲೇತ್ ಮಿಷನ್ನಿನಲ್ಲಿ. ಆ ಮನುಷ್ಯ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಉಳಿದ ಮಾತನ್ನೆಲ್ಲ ಇವಳೇ ಆಡುತ್ತಿದ್ದಳು. ಎಂಟನೇ ಕ್ಲಾಸು ಓದಿದ್ದಳು, ಆ ಕಾಲಕ್ಕೆ ಅದು ಸಣ್ಣದಲ್ಲ. ಹಾಗಾಗಿ ಲೈನಿನ ಮಹಿಳಾ ಸಮಾಜಕ್ಕೆ ಅವಳೇ ಕಾರ್ಯದರ್ಶಿ. ಅಧ್ಯಕ್ಷೆ ಒಬ್ಬ ದೊಡ್ಡ ಆಫೀಸರ ಹೆಂಡತಿ, ನಾವೆಲ್ಲ ಅಮ್ಮಾವ್ರು ಅನ್ನುತ್ತಿದ್ದೆವು. ಕೆಲಸ ಇವಳದು, ಕುರ್ಚಿ ಅಮ್ಮಾವ್ರದು.

ಅವಳಿಗೆ ಒಂದು ಚಾಳಿ ಇತ್ತು. ಯಾರ ಬಾಯಿಮಾತನ್ನೂ ನಂಬುತ್ತಿರಲಿಲ್ಲ. "ಬರೆದು ಕೊಡಿ" ಅನ್ನೋಳು. ದರ್ಜಿ ಶುಕ್ರವಾರ ರವಿಕೆ ಕೊಡ್ತೀನಿ ಅಂದರೆ ಅವನ ಹತ್ತಿರವೇ ಚೀಟಿ ಬರೆಸಿಕೊಂಡು ಬರೋಳು. ಒಂದು ಸಲ ಅವನು ಶನಿವಾರ ಮಾಡಿದ. ಇವಳು ಆ ಚೀಟಿ ಹಿಡಿದು ಅಂಗಡಿ ಬಾಗಿಲಲ್ಲಿ ನಿಂತಳು. ಬಂದ ಗಿರಾಕಿಗಳಿಗೆಲ್ಲ "ಇವರು ಶುಕ್ರವಾರ ಅಂದರೆ ಶನಿವಾರ, ತಿಳ್ಕೊಳ್ಳಿ" ಅಂತ ಹೇಳುತ್ತಾ ನಿಂತಳು. ಸಂಜೆಯೊಳಗೆ ರವಿಕೆ ಬಂತು, ಗುಂಡಿ ಕಾಜ ಎಲ್ಲ ಸರಿಯಾಗಿ. ಪಕ್ಕದ ಮನೆಯ ಫೌಂಡ್ರಿ ಮೇಸ್ತ್ರಿ ಹೆಂಡತಿ, ತಮಿಳಿನವಳು, "ಅಕ್ಕಾ, ಯಮ ಬಂದ್ರೂ ನೀನು ಆರ್ಡರ್ ಕಾಪಿ ಕೇಳ್ತೀಯ" ಅನ್ನೋಳು. ಇವಳು ನಗುತ್ತಿರಲಿಲ್ಲ. "ಕೇಳ್ದೆ ಬಿಡ್ತೀನಾ?" ಅನ್ನೋಳು.

ಇಂಥವಳು ಒಂದು ದಿನ ನಮ್ಮ ಹಿತ್ತಲಲ್ಲಿ ಹಪ್ಪಳ ಲಟ್ಟಿಸುತ್ತಾ ನನಗೊಂದು ಗುಟ್ಟು ಹೇಳಿದಳು. ನಯಾಪೈಸೆ ಹೊಸದಾಗಿ ಬಂದ ಕಾಲ ಅದು.

ಅವಳ ಅಮ್ಮ ಸತ್ತಾಗ ಇವಳಿಗೆ ಒಂದೂವರೆ ವರ್ಷ. ಮೈಸೂರಿನಲ್ಲಿ ಪ್ಲೇಗಿಗೆ ಹೋದಳು. ಅಪ್ಪ ಅದಕ್ಕೂ ಮೊದಲೇ ಇಲ್ಲ. ಶಿವಮೊಗ್ಗದ ಸೋದರತ್ತೆ ಬಂದು ಮಗುವನ್ನು ಎತ್ತಿಕೊಂಡು ಹೋಗಿ ಸಾಕಿದಳು. ಅಮ್ಮನದು ಒಂದು ಫೋಟೋ ಇಲ್ಲ, ಒಂದು ಸೀರೆ ಇಲ್ಲ. ಪ್ಲೇಗಿನ ಮನೆಯದು ಅಂತ ಎಲ್ಲ ಸುಟ್ಟಿದ್ದರು. ಇವಳ ಮದುವೆಯ ಹಿಂದಿನ ದಿನ ಅತ್ತೆ ಹತ್ತಿರ ಕೂರಿಸಿಕೊಂಡು ಹೇಳಿದಳಂತೆ: "ನಿನ್ನ ಅಮ್ಮ ಮೈಸೂರಲ್ಲಿ ಒಬ್ಬ ಚಿತ್ರಗಾರರ ಮನೆ ಕೆಲಸಕ್ಕೆ ಹೋಗ್ತಿದ್ದಳು. ಮೊರ ಹಿಡ್ಕೊಂಡು ಅಕ್ಕಿ ಆರಿಸ್ತಾ ಕೂತಿದ್ದೋಳನ್ನ ನೋಡಿ ಅವರು ಅವಳ ಚಿತ್ರ ಬರೆದ್ರು. ಆ ಚಿತ್ರ ಈಗ ದೊಡ್ಡ ಚಿತ್ರಶಾಲೆಯಲ್ಲಿದೆ. ಮಹಡಿ ಮೇಲೆ ಇಟ್ಟಿದ್ದಾರೆ. ನಾನೇ ಒಂದ್ಸಲ ನೋಡಿದ್ದೀನಿ."

"ಹೋಗಿ ನೋಡ್ಕೊಂಡು ಬಾ ಮತ್ತೆ" ಅಂದೆ ನಾನು.

"ಸುಮ್ನೆ ಹೋಗೋಕಾಗುತ್ತಾ ಮಾರಾಯ್ತಿ? ಮೈಮೇಲೆ ರವಿಕೆ ಇಲ್ಲವಂತೆ ಚಿತ್ರದಲ್ಲಿ. ಚಿತ್ರಗಾರನ ಮುಂದೆ ಕೂತೋಳು ಅಂದ್ರೆ ಜನ ಏನಂತಾರೆ? ನಮ್ಮನೆಯವರಿಗೇ ಹೇಳಿಲ್ಲ ನಾನು."

ಅವಳ ಬಾಯಿಂದ ಅಷ್ಟು ಸಣ್ಣ ದನಿ ಬಂದದ್ದು ನಾನು ಅದೇ ಮೊದಲು ಕೇಳಿದ್ದು. ಆಮೇಲೆ ಲಟ್ಟಣಿಗೆ ಎತ್ತಿ ನನ್ನ ಮುಖಕ್ಕೆ ಹಿಡಿದು, "ಯಾರಿಗಾದ್ರೂ ಹೇಳಿದ್ಯೋ, ನೋಡು" ಅಂದಳು. ಹೇಳಲಿಲ್ಲ. ಅದೊಂದು ಸರಿಯಾಗಿ ಮಾಡಿದೆ.

ಒಂಟಿ ಹೆಂಗಸು ಚಿತ್ರ ನೋಡೋಕೆ ಅಂತ ಮೈಸೂರಿಗೆ ಹೋಗೋ ಕಾಲ ಅಲ್ಲ ಅದು. ಹಾಗಾಗಿ ಅವಳು ಇಡೀ ಸಮಾಜವನ್ನೇ ಹೊರಡಿಸಿದಳು. "ಜ್ಞಾನ ಪ್ರವಾಸ" ಅಂತ ಹೆಸರಿಟ್ಟಳು. ಹೆಸರು ಕೇಳಿ ಗಂಡಸರು ಬೇಡ ಅನ್ನೋಕಾಗಲಿಲ್ಲ. ಹದಿನಾರು ಹೆಂಗಸರು ಹೊರಟೆವು. ನನ್ನ ಅತ್ತೆ ಮಾತ್ರ ಹೊಸ್ತಿಲು ದಾಟೋಕೆ ಬಿಡಲಿಲ್ಲ. ಇವಳೇ ಬಂದು ನನ್ನ ಅತ್ತೆ ಮುಂದೆ ಕೂತು, "ಇವಳ ಜವಾಬ್ದಾರಿ ನಂದು. ಬರೆದು ಕೊಡ್ಲಾ?" ಅಂದಳು. ಅತ್ತೆಗೆ ಓದೋಕೆ ಬರುತ್ತಿರಲಿಲ್ಲ, ಆದರೂ ಕಾಗದ ಪೆನ್ನು ಕಂಡು ಒಪ್ಪಿಕೊಂಡಳು.

ಚಿತ್ರಶಾಲೆಗೆ ಮೂರು ಕಾಗದ ಬರೆದಳು. ಬಾಗಿಲು ಎಷ್ಟು ಹೊತ್ತಿಗೆ ತೆಗೆಯುತ್ತೀರಿ, ವಾರದ ರಜೆ ಯಾವತ್ತು, ಚಪ್ಪಲಿ ಎಲ್ಲಿ ಬಿಡಬೇಕು, ಮಹಡಿಗೆ ಮೆಟ್ಟಿಲು ಯಾವ ಕಡೆ. ಉತ್ತರ ಇಂಗ್ಲಿಷಿನಲ್ಲಿ ಬಂತು. ಹೈಸ್ಕೂಲು ಮೇಷ್ಟ್ರ ಹತ್ತಿರ ಓದಿಸಿಕೊಂಡು ಕನ್ನಡದಲ್ಲಿ ಬರೆದುಕೊಂಡಳು. ಇಷ್ಟೆಲ್ಲ ಕೇಳಿದವಳು ಅಕ್ಕಿ ಆರಿಸೋ ಹೆಂಗಸಿನ ಚಿತ್ರ ಇದೆಯೋ ಅಂತ ಮಾತ್ರ ಕೇಳಲಿಲ್ಲ. ಯಾಕೆ ಬೇಕು ಅಂತ ತಿರುಗಿ ಕೇಳಿದರೆ ಏನು ಹೇಳೋದು ಅಂತ ಹೆದರಿಕೆ.

ಹೊರಡೋಕೆ ಮುಂಚೆ ಎರಡು ಭಾನುವಾರ ನಮಗೆ ಪಾಠ. ಸಮಾಜದ ಹಾಲಿನ ಗೋಡೆಗೆ ಹಳೇ ಕ್ಯಾಲೆಂಡರುಗಳನ್ನು ಸಾಲಾಗಿ ಹೊಡೆದು, ಅದನ್ನೇ ಚಿತ್ರಶಾಲೆ ಅಂದುಕೊಂಡು ನಡೀರಿ ಅಂದಳು. ನಾವು ಒಬ್ಬರ ಹಿಂದೆ ಒಬ್ಬರು ಕುರಿ ಹಾಗೆ ನಡೆದೆವು. ಶಿವಪಾರ್ವತಿ ಕ್ಯಾಲೆಂಡರ್ ಬಂದ ಕೂಡಲೇ ಮುಂದಿದ್ದವಳು ಕೈ ಮುಗಿದಳು, ಹಿಂದಿದ್ದವರೆಲ್ಲ ಮುಗಿದರು.

"ಕೈ ಹಿಂದಕ್ಕೆ!" ಅಂತ ಅವಳು ಅರಚಿದಳು. "ಅಲ್ಲಿ ಕೈ ಮುಗಿಯೋ ಹಾಗಿಲ್ಲ, ಮುಟ್ಟೋ ಹಾಗಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡು ನೋಡ್ಬೇಕು."

"ಕೈ ಹಿಂದಕ್ಕೆ ಕಟ್ಕೊಂಡ್ರೆ ಸೆರಗು ನಿನ್ನ ಗಂಡ ಬಂದು ಹಿಡ್ಕೋತಾನಾ ಅಕ್ಕಾ?" ಅಂದಳು ಮೇಸ್ತ್ರಿ ಹೆಂಡತಿ. ನಾವು ಬಿದ್ದು ಬಿದ್ದು ನಕ್ಕೆವು. ಅಮ್ಮಾವ್ರೂ ನಕ್ಕರು. ಅವಳು ನಗಲಿಲ್ಲ. ಸೆರಗಿಗೆ ಪಿನ್ನು ಹಾಕಿಕೊಂಡು ಬನ್ನಿ ಅಂತ ಚೀಟಿಯಲ್ಲಿ ಸೇರಿಸಿದಳು.

ಆ ಚೀಟಿ ನನಗೆ ಈಗಲೂ ಬಾಯಿಗೆ ಬರುತ್ತೆ. ಬೆಳಿಗ್ಗೆ ಮೈಸೂರು ಸ್ಟೇಷನ್. ಛತ್ರದಲ್ಲಿ ಸ್ನಾನ, ತಿಂಡಿ. ಬಾಗಿಲು ತೆಗೆಯೋ ಹೊತ್ತಿಗೆ ಸರಿಯಾಗಿ ಚಿತ್ರಶಾಲೆ. ಮೊದಲು ಮಹಡಿ, ಆಮೇಲೆ ಕೆಳಗೆ. ಆಮೇಲೆ ಮಿಕ್ಕಿದ್ದು. "ಯಾಕೆ ಮೊದಲು ಮಹಡಿ?" ಅಂತ ಅಮ್ಮಾವ್ರು ಕೇಳಿದರು. "ಆಮೇಲೆ ಕಾಲು ನೋವು ಬರುತ್ತೆ ಅಮ್ಮಾವ್ರೇ, ಮೆಟ್ಟಿಲು ಹತ್ತೋಕಾಗಲ್ಲ" ಅಂದಳು. ನನ್ನ ಕಡೆ ನೋಡಲಿಲ್ಲ.

ಬೀರೂರಿನಲ್ಲಿ ಒಂದು ರೈಲು, ಅರಸೀಕೆರೆಯಲ್ಲಿ ಒಂದು ರೈಲು ಬದಲಿಸಿ ಮೈಸೂರಿಗೆ ಹೋಗಿ ಇಳಿದೆವು. ಛತ್ರದಲ್ಲಿ ಸ್ನಾನ ಮುಗಿದ ಕೂಡಲೇ ಅಮ್ಮಾವ್ರು, "ಮೊದಲು ಬೆಟ್ಟ. ತಾಯಿ ದರ್ಶನ ಆಗದೆ ನಾನು ಬೇರೆ ಏನೂ ನೋಡಲ್ಲ" ಅಂದರು. ಇವಳು ಚೀಟಿ ತೋರಿಸಿದಳು. "ಚೀಟಿ ನೀನು ಬರೆದದ್ದು ತಾನೇ? ತಿದ್ದು" ಅಂದರು. ಹದಿನಾಲ್ಕು ಹೆಂಗಸರೂ ಹೌದು ಹೌದು ಅಂದರು. ನಾನೂ ಅಂದೆ. ಗುಟ್ಟು ಗೊತ್ತಿದ್ದವಳು ನಾನೊಬ್ಬಳೇ, ನಾನೂ ಅಂದೆ! ದೇವರ ವಿಷಯಕ್ಕೆ ಇಲ್ಲ ಅಂದರೆ ಎಲ್ಲಿ ಪಾಪ ಬರುತ್ತೋ ಅಂತ. ಅವಳು ನಿಂತಲ್ಲೇ ಚೀಟಿ ತಿದ್ದಿದಳು. ಅಷ್ಟು ಜೋರು ಬಾಯಿಯವಳು ದೊಡ್ಡವರ ಎದುರಿಗೆ ಬಾಯಿ ಮುಚ್ಚಿದಳಲ್ಲ ಅಂತ ನನಗೆ ಅವತ್ತೇ ಸಿಟ್ಟು ಬಂದಿತ್ತು. ದರ್ಜಿಯ ಅಂಗಡಿಯಲ್ಲಿ ನಿಂತ ಹಾಗೆ ನಿಲ್ಲಬೇಕಿತ್ತು ಅವಳು.

ಬೆಟ್ಟ ಹತ್ತಿ ಇಳಿದು ಚಿತ್ರಶಾಲೆಗೆ ಬಂದಾಗ ಮಧ್ಯಾಹ್ನ ಬಾಗಿತ್ತು. ಎಲ್ಲರ ಕೈಯಲ್ಲೂ ಬೆಟ್ಟದ ಕುಂಕುಮದ ಪೊಟ್ಟಣ. ಒಳಗೆ ಕಾಲಿಟ್ಟ ಕೂಡಲೇ ಇವಳು ಮೆಟ್ಟಿಲ ಕಡೆ ತಿರುಗಿದಳು. ಅಮ್ಮಾವ್ರು ಕೆಳಗಿನ ಹಾಲಿಗೆ ನುಗ್ಗಿಬಿಟ್ಟರು, ಹಿಂದೆ ನಾವು. ಅವಳು ಅರ್ಧ ದಾರಿಯಿಂದ ವಾಪಸು ಬಂದು ನಮ್ಮ ತಲೆ ಎಣಿಸಿದಳು. ಕರೆದುಕೊಂಡು ಬಂದವಳು ಬಿಟ್ಟು ಹೋಗೋದು ಹೇಗೆ ಅಂತ ಅವಳ ಲೆಕ್ಕ.

ಕೆಳಗಿನ ಹಾಲಿನಲ್ಲಿ ಒಂದು ದೇವಿಯ ಚಿತ್ರ. ಆಳೆತ್ತರ. ರೇಷ್ಮೆ ಸೀರೆಯ ಜರಿ ಮುಟ್ಟಿದರೆ ಕೈಗೆ ಸಿಗೋ ಹಾಗಿತ್ತು. ಕಣ್ಣು ನನ್ನನ್ನೇ ನೋಡುತ್ತಿತ್ತು. ಮೈಮೇಲೆ ಅಷ್ಟು ಒಡವೆ, ಹಣೆಯಲ್ಲಿ ಮಾತ್ರ ಕುಂಕುಮ ಕಾಣಲಿಲ್ಲ. ಬರೆದಿರಲಿಲ್ಲವೋ, ಮಾಸಿತ್ತೋ, ನನಗೆ ಗೊತ್ತಿಲ್ಲ. ತಾಯಿ ಬರೀ ಹಣೆಯಲ್ಲಿ ನಿಂತಿದ್ದಾಳಲ್ಲ ಅನಿಸಿತು. ಪೊಟ್ಟಣ ಬಿಚ್ಚಿದ್ದೂ ಗೊತ್ತಿಲ್ಲ, ಬೆರಳು ಅದ್ದಿದ್ದೂ ಗೊತ್ತಿಲ್ಲ. ಚಿತ್ರದ ಹಣೆಗೆ ನಾನು ಕುಂಕುಮ ಇಟ್ಟೆ.

ನಾನೇ ಇಟ್ಟೆ. ಇಷ್ಟು ವರ್ಷ ಆಯಿತು, ಇದನ್ನು ಬರೆದದ್ದು ಇವತ್ತೇ.

ಕಾವಲಿನವನು ನೋಡಿದ್ದು ಕುಂಕುಮವನ್ನು, ಕೈಯನ್ನಲ್ಲ. ಅವನು ಕೂಗಿದ ಕೂಗಿಗೆ ಕನ್ನಡಕದ ಗುಮಾಸ್ತರೊಬ್ಬರು ಓಡಿ ಬಂದರು. "ಯಾರು ಇದು ಮಾಡಿದ್ದು? ಇದು ಎಣ್ಣೆಬಣ್ಣದ ಚಿತ್ರ ಕಣ್ರಮ್ಮ, ಗುಡಿಯ ವಿಗ್ರಹ ಅಲ್ಲ! ಯಾರು ಅಂತ ಹೇಳಿ. ಇಲ್ಲಾಂದ್ರೆ ಎಲ್ಲರೂ ಹೊರಗೆ ನಡೀರಿ, ಈಗಲೇ."

ಅಮ್ಮಾವ್ರು ಛಾವಣಿ ನೋಡಿದರು. ನಾನು ಮುಷ್ಟಿ ಬಿಗಿ ಹಿಡಿದು ನಿಂತೆ. ಅವಳು ಒಬ್ಬೊಬ್ಬರ ಕೈಯನ್ನೇ ನೋಡುತ್ತಾ ಬಂದು ನನ್ನ ಮುಷ್ಟಿ ಹತ್ತಿರ ನಿಂತಳು. ನೋಡಿದಳು. ಗೊತ್ತಾಯಿತು ಅವಳಿಗೆ. ಆಮೇಲೆ ಗುಮಾಸ್ತರ ಕಡೆ ತಿರುಗಿ, "ನಾನು ಇಟ್ಟದ್ದು ಸ್ವಾಮಿ. ಇವರನ್ನೆಲ್ಲ ಕರ್ಕೊಂಡು ಬಂದ ಕಾರ್ಯದರ್ಶಿ ನಾನೇ" ಅಂದಳು.

"ಓದಿದವರ ಹಾಗೆ ಕಾಣ್ತೀರಿ. ನಾಚಿಕೆ ಆಗಲ್ವಾ ನಿಮಗೆ?"

"ಆಗುತ್ತೆ" ಅಂದಳು.

"ನೀವು ಹೊರಗೆ ನಡೀರಿ. ಮಿಕ್ಕವರು ಮುಟ್ಟದೆ ನೋಡ್ಕೊಂಡು ಬನ್ನಿ."

ಹೊರಗೆ ಹೋಗೋವಾಗ ನನ್ನ ಪಕ್ಕ ಬಂದು, ಬೇರೆಯವರಿಗೆ ಕೇಳದ ಹಾಗೆ, "ನೀನು ಮೇಲೆ ಹೋಗು. ಸರಿಯಾಗಿ ನೋಡ್ಕೊಂಡು ಬಂದು ನನಗೆ ಹೇಳು" ಅಂದಳು.

ಇದಕ್ಕೇ ನನಗೆ ಅವಳ ಮೇಲೆ ಸಿಟ್ಟು. ನನ್ನ ಕಡೆ ಕೈ ತೋರಿಸಿದ್ದರೆ ನಾನು ಹೊರಗೆ, ಅವಳು ಮೇಲೆ. ಅಷ್ಟೇ ಇದ್ದದ್ದು. ನನ್ನ ಅತ್ತೆಗೆ ಮಾತು ಕೊಟ್ಟಿದ್ದಳು, ನನ್ನನ್ನು ಹೊರಗೆ ಹಾಕಿದ ಸುದ್ದಿ ಊರಿಗೆ ಹೋದರೆ ನಾನು ಮತ್ತೆ ಹೊಸ್ತಿಲು ದಾಟೋ ಹಾಗಿರಲಿಲ್ಲ, ಅದೆಲ್ಲ ನಿಜ. ಆದರೆ ಯಾರು ಕೇಳಿದ್ದರು ಅವಳನ್ನು ದೊಡ್ಡತನ ಮಾಡು ಅಂತ? ಅಮ್ಮನ ಮುಖ ನೋಡೋಕೆ ಅಷ್ಟು ದೂರದಿಂದ ಬಂದವಳು, ಹತ್ತು ಮೆಟ್ಟಿಲು ಬಾಕಿ ಇರೋವಾಗ?

ನನ್ನ ಮೇಲಿನ ಸಿಟ್ಟು ಬೇರೆ ಇದೆ, ಅದಕ್ಕೆ ಬರ್ತೀನಿ.

ಅವಳು ಹೊರಗೆ ಹೋದಮೇಲೆ ಅಮ್ಮಾವ್ರು, "ಸಾಕಪ್ಪ ಇಲ್ಲಿಂದು. ಪ್ರಾಣಿ ನೋಡೋ ಹೊತ್ತು ಮೀರುತ್ತೆ, ಹುಲಿ ನೋಡೋಣ ನಡೀರಿ" ಅಂದರು. ಎಲ್ಲರೂ ಚಪ್ಪಲಿ ಹುಡುಕೋಕೆ ಹೋದರು. ನಾನು ಮೆಟ್ಟಿಲ ಹತ್ತಿರ ಹೋದೆ. ಮರದ ಮೆಟ್ಟಿಲು. ಮೇಲುಗಡೆ ಇನ್ನೊಬ್ಬ ಕಾವಲಿನವನು ಸ್ಟೂಲಿನ ಮೇಲೆ ಕೂತಿದ್ದ. ನನ್ನ ಬೆರಳಲ್ಲಿ ಇನ್ನೂ ಕೆಂಪು ಇತ್ತು. ಸೀರೆ ಒಳಗೆ ಒರೆಸಿಕೊಂಡೆ, ಹೋಗಲಿಲ್ಲ. ಮೂರು ಮೆಟ್ಟಿಲು ಹತ್ತಿದೆ. ಅವನು ಎದ್ದು ನಿಂತ. ಅವನು ಎದ್ದದ್ದು ಕಾಲು ಜೋಮು ಹಿಡಿದಿದ್ದಕ್ಕೋ ಏನೋ. ನಾನು ಇಳಿದು ಓಡಿದೆ.

ಅವಳು ಹೊರಗೆ ಗೇಟಿನ ಹತ್ತಿರ ಕಲ್ಲಿನ ಮೇಲೆ ಕೂತಿದ್ದಳು.

"ಮೇಲೆ ಹೋದ್ಯಾ?"

"ಹೋದೆ."

"ಇದ್ಯಾ?"

ಇದೆ ಅಂದರೆ ಹೇಗಿದೆ ಅಂತ ಕೇಳುತ್ತಾಳೆ. ಹೋಗಲಿಲ್ಲ ಅಂದರೆ ಆ ಗೇಟಿನಲ್ಲೇ ನನ್ನ ಕೆನ್ನೆಗೆ ಬಾರಿಸುತ್ತಾಳೆ. "ಅಂಥ ಚಿತ್ರ ಯಾವುದೂ ಇಲ್ಲ ಕಣೇ" ಅಂದೆ.

"ಎಲ್ಲ ಕೋಣೆ ನೋಡಿದ್ಯಾ?"

"ಎಲ್ಲ ನೋಡಿದೆ. ರಾಜರು, ಕುದುರೆ, ದೇವರು. ಅಕ್ಕಿ ಆರಿಸೋಳು ಯಾರೂ ಇಲ್ಲ."

ರಾಜರು, ಕುದುರೆ! ಎಷ್ಟು ಸಲೀಸಾಗಿ ಬಂತು ಬಾಯಿಗೆ. ಅವಳು ನನ್ನ ಮುಖ ನೋಡಿದಳು. ಎದ್ದು ಸೀರೆಯ ಧೂಳು ಕೊಡವಿದಳು. "ಹೊತ್ತಾಯ್ತು ನಡೀರಿ" ಅಂತ ಎಲ್ಲರಿಗೂ ಕೂಗಿದಳು. ಹುಲಿ ಬೋನಿನ ಮುಂದೆ ನಿಂತು ಮತ್ತೆ ನಮ್ಮ ತಲೆ ಎಣಿಸಿದಳು. ವಾಪಸು ಬರೋವಾಗ ರೈಲಿನಲ್ಲಿ ಒಂದೇ ಒಂದು ಸಲ ನನ್ನ ಕಿವಿಯ ಹತ್ತಿರ ಬಗ್ಗಿ, "ನಿನ್ನ ಬೆರಳಿಗೆ ಬರೆ ಎಳೀಬೇಕು" ಅಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ದರ್ಜಿಯನ್ನು ನಂಬದವಳು, ಹಾಲಿನವನನ್ನು ನಂಬದವಳು, ಕೊನೆಗೆ ನನ್ನ ಬಾಯಿಮಾತು ನಂಬಿದಳು. ನಾಲ್ಕನೇ ಕಾಗದ ಒಂದು ಬರೆದಿದ್ದರೆ ಏನಾಗುತ್ತಿತ್ತು ಅವಳಿಗೆ?

ಮುಂದಿನ ಭಾನುವಾರ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದಳು, ಸಾಕಿದ ಸೋದರತ್ತೆ ಮನೆಗೆ. ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಸಂಜೆ ಬಂದು, "ಅವಳು ಕಟ್ಟುಕತೆ ಹೇಳಿದ್ದು. ಮದುವೆ ಮನೇಲಿ ನಾನು ಅಳ್ತೀನಿ ಅಂತ ಸಮಾಧಾನಕ್ಕೆ ಹೇಳಿದ ಕತೆ. ಇನ್ನು ಆ ಮನೆ ಮೆಟ್ಟಿಲು ಹತ್ತಲ್ಲ" ಅಂದಳು. ಆಗ ಹೇಳಬಹುದಿತ್ತು. "ಹೋಗ್ಲಿ ಬಿಡು" ಅಂದೆ.

ಒಂದು ತಿಂಗಳಿಗೆ ಅತ್ತೆಯೇ ಭದ್ರಾವತಿಗೆ ಬಂದಳು. ಕೈಚೀಲದಲ್ಲಿ ಚಕ್ಕುಲಿ ಡಬ್ಬ. ಇವಳು ಒಳಗಿದ್ದೂ ಬಾಗಿಲು ತೆಗೆಯಲಿಲ್ಲ. ಮುದುಕಿ ಎಷ್ಟು ಹೊತ್ತು ಅಂತ ಬಿಸಿಲಲ್ಲಿ ನಿಲ್ಲುತ್ತಾಳೆ, ನಾನೇ ಒಳಗೆ ಕರೆದೆ. ಕಾಫಿ ಕೊಟ್ಟೆ.

"ನೀನೇ ಹೇಳವ್ವ" ಅಂದಳು ಆಕೆ. "ಸುಳ್ಳು ಹೇಳಿ ನನಗೇನು ಬರಬೇಕಿತ್ತು? ಹೊಟ್ಟೆಗೆ ಹುಟ್ಟಿದ ಮಗು ಥರ ಸಾಕಿದ್ದೀನಿ. ನನ್ನ ಕಣ್ಣಾರೆ ನೋಡಿದ್ದೀನಿ ಆ ಚಿತ್ರಾನ. ಯಾರೋ ನೋಡಿದೋರು ಇಲ್ಲ ಅಂದ್ರಂತೆ. ಯಾವ ಕುರುಡಿ ನೋಡಿದ್ದು?"

ಕುರುಡಿ ಅವಳ ಮುಂದೆಯೇ ಕೂತಿದ್ದಳು, ಲೋಟಕ್ಕೆ ಇನ್ನೊಂದಿಷ್ಟು ಕಾಫಿ ಬಗ್ಗಿಸುತ್ತಾ. ಮುದುಕಿ ಚಕ್ಕುಲಿ ಡಬ್ಬ ನನ್ನ ಮನೆಯಲ್ಲಿ ಇಟ್ಟು ಬಸ್ಸಿಗೆ ಹೋದಳು. ಕೊಟ್ಟರೆ ಇವಳು ತೆಗೆದುಕೊಳ್ಳಲಿಲ್ಲ. ನಮ್ಮ ಮನೆಯವರೇ ತಿಂದರು.

ಅದಾದ ಎರಡನೇ ವರ್ಷ ಅತ್ತೆ ತೀರಿಕೊಂಡಳು. ಆಳು ಬಂದು ಹೇಳಿದ. ಇವಳು ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. "ಸರಿ" ಅಂದಳು, ಬಡಿಯೋದು ನಿಲ್ಲಿಸಲಿಲ್ಲ. ಗಂಡ, ಆ ಮೂಕಬಸವ, ಅವತ್ತು ಮೊದಲ ಸಲ ದನಿ ಎತ್ತಿದ. "ಸಾಕಿದೋಳು ಕಣೇ! ಮಣ್ಣಿಗಾದ್ರೂ ಹೋಗು" ಅಂತ ಅವನು ಕೂಗಿದ್ದು ಗೋಡೆ ದಾಟಿ ನನಗೆ ಕೇಳಿಸಿತು. ಹೋಗಲಿಲ್ಲ. ಹನ್ನೊಂದು ಮೈಲಿ ದೂರ, ಗಂಟೆಗೊಂದು ಬಸ್ಸು, ಹೋಗಲಿಲ್ಲ. ಸೊಕ್ಕು. ಬಂಡೆ ಹಾಗೆ ಸೊಕ್ಕು. ದೇವರಂಥ ಹೆಂಗಸಂತೆ.

ಇನ್ನೂ ಎರಡು ವರ್ಷ ಆದಮೇಲೆ ನನ್ನ ತಮ್ಮನಿಗೆ ಮೈಸೂರಿನಿಂದ ಹೆಣ್ಣು ತಂದೆವು. ಮದುವೆ ಮುಗಿದ ಮರುದಿನ ಗಂಡನಿಗೆ ಬಳೆ ಅಂಗಡಿ ಅಂತ ಹೇಳಿ ಚಿತ್ರಶಾಲೆಗೆ ಹೋದೆ. ಕೆಳಗೆ ಯಾವುದನ್ನೂ ನೋಡಲಿಲ್ಲ. ನೇರ ಮಹಡಿ. ಹತ್ತಿದ ಕೂಡಲೇ ಎಡಗಡೆ ಕೋಣೆ, ಕಿಟಕಿ ಪಕ್ಕ.

ಇತ್ತು.

ನಾನು ಅಳುವವಳಲ್ಲ, ಅಳಲಿಲ್ಲ. ಆ ಚಿತ್ರದ ಮುಂದೆ ನಿಂತು ಬೈಯೋಕೆ ಶುರು ಮಾಡಿದೆ, ನನಗೇ. ಕಾವಲಿನವನು "ಏನಮ್ಮ?" ಅಂದ. "ಏನಿಲ್ಲ" ಅಂದೆ. ಯಾರೋ ಯಾವತ್ತೋ ಬರ್ತಾರೆ ಅಂತ ಕಾದು ಕೂತವಳ ಹಾಗಿರಲಿಲ್ಲ ಮೊರ ಹಿಡಿದ ಆಕೆ. ಕೆಲಸದ ಮಧ್ಯೆ ಯಾರೋ ಬಾಗಿಲಲ್ಲಿ ನಿಂತು ಕರೆದರೆ, ಈಗೇನು ಬಂತು ಇವರಿಗೆ ಅಂತ ತಲೆ ಎತ್ತುತ್ತಾರಲ್ಲ, ಹಾಗೆ ತಲೆ ಎತ್ತಿದ್ದಳು. ನಮ್ಮ ಲೈನಿನ ದರ್ಜಿಗೆ ಆ ಮುಖ ಚೆನ್ನಾಗಿ ಗೊತ್ತು.

ಊರಿಗೆ ಬಂದೆ. ಆರು ತಿಂಗಳು ಹೇಳಲಿಲ್ಲ. ಅತ್ತೆ ಸತ್ತಾಗಿತ್ತು, ಹೇಳಿ ಏನು ಮಾಡೋದು ಅಂತ ನನಗೆ ನಾನೇ ನ್ಯಾಯ ಹೇಳಿಕೊಂಡೆ. ಒಂದು ದಿನ ಹಿತ್ತಲಲ್ಲಿ ಇಬ್ಬರೂ ಬಟ್ಟೆ ಒಗೆಯುತ್ತಿದ್ದೆವು, ನಡುವೆ ಮೋಟುಗೋಡೆ. ಯಾವುದೋ ಮಾತಿಗೆ ಅವಳು, "ನಮ್ಮ ಅತ್ತೆ ಥರ, ಸುಳ್ಳು ಹೇಳ್ತಾ ಹೇಳ್ತಾನೇ ಸತ್ತಳು" ಅಂದಳು. ನನಗೆ ತಡೆಯೋಕಾಗಲಿಲ್ಲ.

"ಸುಳ್ಳು ಹೇಳಿದ್ದು ಅವಳಲ್ಲ ಕಣೇ, ನಾನು" ಅಂದೆ. "ಅವತ್ತು ನಾನು ಮೇಲೆ ಹೋಗಲೇ ಇಲ್ಲ. ಈಗ ತಮ್ಮನ ಮದುವೆಗೆ ಹೋದಾಗ ಹೋಗಿ ನೋಡ್ಕೊಂಡು ಬಂದೆ. ಇದೆ."

ಕಲ್ಲಿನ ಮೇಲೆ ಬಡಿಯುತ್ತಿದ್ದ ಸೀರೆ ಕೈಯಲ್ಲೇ ನಿಂತಿತು. ಕೂಗುತ್ತಾಳೆ ಅಂದುಕೊಂಡೆ. ಕೂಗಲಿಲ್ಲ. ಸಾಕ್ಷಿಯನ್ನು ಲಾಯರು ಕೇಳೋ ಹಾಗೆ ಕೇಳಿದಳು.

"ಎಲ್ಲಿದೆ?"

"ಮೆಟ್ಟಿಲು ಹತ್ತಿದ ಕೂಡಲೇ ಎಡಗಡೆ ಕೋಣೆ. ಕಿಟಕಿ ಪಕ್ಕ."

"ಎಷ್ಟು ದೊಡ್ಡದು?"

"ನಮ್ಮ ಅಡುಗೆಮನೆ ಕಿಟಕಿಯಷ್ಟು."

"ರವಿಕೆ?"

"ಇಲ್ಲ. ಸೆರಗು ಮೈತುಂಬ ಹೊದ್ದಿದ್ದಾಳೆ, ಒಂದು ತೋಳು ಕಾಣುತ್ತೆ. ಅಷ್ಟೇ. ಗದ್ದೆ ಕೆಲಸಕ್ಕೆ ಹೋಗೋ ಹೆಂಗಸರ ಥರ. ನಾಚಿಕೆ ಪಡೋ ಅಂಥದ್ದು ಅಲ್ಲಿ ಏನೂ ಇಲ್ಲ."

"ಕಿವಿಗೆ?"

"ಒಂದು ಓಲೆ. ಇನ್ನೊಂದು ಕಿವಿ ಆಚೆ ಕಡೆ."

"ಬಣ್ಣ?"

"ನಿನಗಿಂತ ಕಪ್ಪು."

"ವಯಸ್ಸು?"

"ಹುಡುಗಿ ಕಣೇ. ಇಪ್ಪತ್ತೂ ಆಗಿರಲ್ಲ."

ಅಲ್ಲಿಗೆ ಕೇಳೋದು ನಿಲ್ಲಿಸಿದಳು. ಸೀರೆ ಹಿಂಡಿದಳು. ಹಿಂಡಿದ್ದನ್ನೇ ಮತ್ತೆ ಹಿಂಡಿದಳು. "ನಮ್ಮ ಅತ್ತೆ ಸತ್ತು ಎಷ್ಟು ದಿನ ಆಯ್ತು?" ಅಂದಳು.

"ಎರಡೂವರೆ ವರ್ಷ."

"ಪರವಾಗಿಲ್ಲ, ನೆನಪಿಟ್ಟಿದ್ದೀಯ" ಅಂದು ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

ಅವತ್ತಿನಿಂದ ನನ್ನ ಹತ್ತಿರ ಮಾತಿಲ್ಲ. ಸಮಾಜದ ಮೀಟಿಂಗಿನಲ್ಲಿ ಹಾಜರಿ ಕೂಗೋವಾಗ ನನ್ನ ಹೆಸರು ಕೂಗೋಳು, ಅಷ್ಟೇ. ಮೇಸ್ತ್ರಿ ಹೆಂಡತಿ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸೋಕೆ ನೋಡಿದಳು. "ಏನಾಯ್ತು ಅಂತಾದ್ರೂ ಹೇಳ್ರೇ" ಅಂದಳು. ಇಬ್ಬರೂ ಹೇಳಲಿಲ್ಲ.

ಒಂದು ವರ್ಷ ಕಳೆದಿರಬೇಕು, ಒಂದು ಬೆಳಿಗ್ಗೆ ಕಾರ್ಖಾನೆಯ ಮೊದಲ ಸೈರನ್ ಆಗೋ ಹೊತ್ತಿಗೆ ಅವಳು ಕೈಚೀಲ ಹಿಡಿದು ಒಬ್ಬಳೇ ಸ್ಟೇಷನ್ ಕಡೆ ನಡೆದದ್ದು ನೋಡಿದೆ. ಗಂಡ ಬಾಗಿಲಲ್ಲಿ ನಿಂತಿದ್ದ. ಎಲ್ಲಿಗೆ ಅಂತ ಅವನನ್ನು ಕೇಳಿದರೆ "ನನಗೂ ಹೇಳಿಲ್ಲ" ಅಂದ. ಮೂರನೇ ದಿನ ಸಂಜೆ ಬಂದಳು. ಬಂದವಳೇ ಸೆರಗು ಸಿಕ್ಕಿಸಿ ಅಂಗಳ ಗುಡಿಸಿದಳು, ಕಾರ್ಖಾನೆಯ ಮೂರು ದಿನದ ಮಸಿ ಕೂತಿತ್ತು. ನೀರು ಹಾಕಿದಳು.

ನಾನು ಮೋಟುಗೋಡೆ ಹತ್ತಿರ ಹೋಗಿ ನಿಂತೆ. ಮುಖದಲ್ಲಿ ಏನಾದರೂ ಕಾಣುತ್ತೋ ಅಂತ ನೋಡಿದೆ. ಏನೂ ಕಾಣಲಿಲ್ಲ.

"ನೋಡಿದ್ಯೇನೇ?" ಅಂತ ಕೇಳಿಬಿಟ್ಟೆ.

ಅವಳು ತಂಬಿಗೆಯಲ್ಲಿ ಉಳಿದ ನೀರು ಗಿಡದ ಬುಡಕ್ಕೆ ಚೆಲ್ಲಿದಳು. ಒಂದು ವರ್ಷದ ಮೇಲೆ ನನ್ನ ಮುಖ ನೋಡಿ ಮಾತಾಡಿದಳು.

"ನಿನಗ್ಯಾಕೆ?"

ಅಷ್ಟೇ. ಬಾಗಿಲು ಹಾಕಿಕೊಂಡಳು. ಆಮೇಲೆ ಒಂಬತ್ತು ವರ್ಷ ಅದೇ ಗೋಡೆಯ ಆಚೆ ಈಚೆ ಇದ್ದೆವು. ಅವಳ ಮನೆ ಒಗ್ಗರಣೆ ನನಗೆ ವಾಸನೆ ಬರುತ್ತಿತ್ತು, ನನ್ನ ಮನೆ ಜಗಳ ಅವಳಿಗೆ ಕೇಳುತ್ತಿತ್ತು. ಗಂಡ ರಿಟೈರಾಗಿ ಶಿವಮೊಗ್ಗಕ್ಕೆ ಹೋಗೋವಾಗ ಲೈನಿನವರಿಗೆಲ್ಲ ಹೇಳಿ ಹೋದಳು, ನಮ್ಮ ಮನೆ ಬಿಟ್ಟು.

ಆರಾಧನೆಯ ದಿನ ಊಟ ಆದಮೇಲೆ ಅವಳ ಮಗಳನ್ನು ಪಕ್ಕಕ್ಕೆ ಕರೆದೆ. "ನಿಮ್ಮ ಅಮ್ಮ ಯಾವತ್ತಾದ್ರೂ ಮೈಸೂರಿನ ವಿಷಯ ಹೇಳಿದ್ದುಂಟಾ?" ಅಂತ ಕೇಳಿದೆ.

"ಇಲ್ವಲ್ಲಮ್ಮ. ಮೈಸೂರಲ್ಲಿ ನಮ್ಮೋರು ಯಾರಿದ್ದಾರೆ?" ಅಂದಳು ಅವಳು.

ಆ ಹುಡುಗಿಗೆ ಏನು ಹೇಳಬೇಕು ಅಂತ ತೋಚದೆ ಎಲೆ ಅಡಿಕೆ ಇಸಕೊಂಡು ಬಸ್ಸಿಗೆ ಬಂದೆ. ಅದಕ್ಕೇ ಇದನ್ನು ಬರೆದದ್ದು. ಬರೆದದ್ದನ್ನು ಆ ಮಗಳಿಗೆ ಕಳಿಸ್ತೀನಿ. ಯಾವ ಕೋಣೆ, ಯಾವ ಕಿಟಕಿ ಎಲ್ಲ ಇದೆ. ಹೋಗಿ ಅವಳೇ ನೋಡಿಕೊಳ್ಳಲಿ, ಯಾರ ಮಾತನ್ನೂ ನಂಬೋದು ಬೇಡ.